ಒಂದೇ ಅಕ್ಷರಕ್ಕೆ ಎರಡು ಬೆಲೆ

ಓಬಳಪ್ಪ ಆಟೋದ ಗಾಜನ್ನು ಒರೆಸಿದ್ದನ್ನೇ ಒರೆಸುತ್ತಿದ್ದ. ಗಾಜಿನ ಮೇಲಿನ ಧೂಳು ಯಾವಾಗಲೋ ಹೋಗಿತ್ತು, ಸಿಟ್ಟು ಹೋಗಿರಲಿಲ್ಲ. ಒಳಗೆ ಅವನ ಅವ್ವ ದುರುಗವ್ವ ತೊಟ್ಟಿಲ ಹಗ್ಗಕ್ಕೆ ಹಸಿರು ಸೀರೆ ಸುತ್ತುತ್ತ ಕೂತಿದ್ದಳು. ಒಳಗೆ ಹೋದರೆ ಅವಳ ಬಾಯಿಂದ ಆ ಹೆಸರು ಬರುತ್ತದೆ, ಬಂದರೆ ತಾನು ಏನಾದರೂ ಅಂದುಬಿಡುತ್ತೇನೆ, ಅಂದರೆ ಓಣಿಯ ಹೆಂಗಸರೆಲ್ಲ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಾರೆ ಎಂದು ಅವನು ಹೊರಗೇ ಉಳಿದಿದ್ದ. ಇವತ್ತು ಕೂಸಿಗೆ ಹೆಸರಿಡಬೇಕು. ಇಡುವ ಹೆಸರು ಯಾವುದೆಂದು ಯಾರೂ ಅವನನ್ನು ಕೇಳಿರಲಿಲ್ಲ, ಕೇಳುವಂಥ ಮಾತೂ ಅದಾಗಿರಲಿಲ್ಲ. ಮೊದಲ ಮಗಳು ಎರ್ರೆಮ್ಮ ಜ್ವರ ಬಂದು ಹೋದಳು. ಈಗ ಎರಡನೆಯದೂ ಹೆಣ್ಣೇ ಹುಟ್ಟಿದೆ. ಹೋದ ಕೂಸು ತನ್ನ ಹೆಸರನ್ನು ಹುಡುಕಿಕೊಂಡು ಅದೇ ಮನೆಗೆ ಬರುತ್ತದೆ, ಬಂದದ್ದಕ್ಕೆ ಅದೇ ಹೆಸರು ಇಡದಿದ್ದರೆ ಹೊಸ್ತಿಲಿಂದಲೇ ಹೊರಳಿ ಹೋಗುತ್ತದೆ. ಇದು ಅವರ ಮನೆತನದಲ್ಲಿ ಯಾವ ಕಾಲದಿಂದಲೋ ನಡೆದು ಬಂದದ್ದು. ಹಾಗೆ ಬಂದವನೇ ತಾನು ಎಂದು ಓಬಳಪ್ಪನಿಗೆ ಬುದ್ಧಿ ತಿಳಿದ ದಿನದಿಂದ ಗೊತ್ತಿತ್ತು. ಅವನಿಗಿಂತ ಮುಂಚೆ ಒಬ್ಬ ಓಬಳಪ್ಪ ಇದ್ದ. ಶಾಲೆಗೆ ಹಾಕುವ ವಯಸ್ಸಿನಲ್ಲಿ ಕಾಲುವೆಯ ನೀರಿಗೆ ಹೋದ. ಆಮೇಲೆ ಇವನು ಹುಟ್ಟಿದ. ಖಾಲಿಯಾದ ಹೆಸರು ತಯಾರಿತ್ತು, ತಂದು ಇವನನ್ನು ಅದರೊಳಗೆ ಕೂರಿಸಿದರು.

ಹಂಪಿ ನೋಡಲು ಬಂದವರು ಆಟೋ ಹತ್ತಿ ಹೆಸರು ಕೇಳಿದರೆ ಅವನು ಬಾಯಿಗೆ ಬಂದದ್ದು ಹೇಳುತ್ತಿದ್ದ. ಒಂದು ದಿನ ರಾಜು, ಇನ್ನೊಂದು ದಿನ ಮಂಜು. ಆ ಪರದೇಶದ ಹೆಂಗಸರು ಕಮಲಾಪುರದ ತನಕ ರಾಜು, ರಾಜು ಎಂದು ಕರೆಯುವಾಗ ಎದೆಯ ಮೇಲಿನದೇನನ್ನೋ ಕೆಳಗಿಳಿಸಿದಂತೆ ಆಗುತ್ತಿತ್ತು. ರಾಜು ಎಂಬುವನು ಈ ಭೂಮಿಯ ಮೇಲೆ ಯಾರಿಗೂ ಏನೂ ಕಡಿಮೆ ಬಿದ್ದವನಲ್ಲ. ಅವನಿಗೆ ಹೋಲಿಸಲು ಇನ್ನೊಬ್ಬ ರಾಜು ಕಾಲುವೆಯ ತಳದಲ್ಲಿ ಮಲಗಿಲ್ಲ.

ಬಾಗಿಲ ಹತ್ತಿರ ಗಂಗೋತ್ರಿಯ ಧ್ವನಿ ಕೇಳಿಸಿತು. ಅವನ ಹೆಂಡತಿ ಪಿಯುಸಿ ಓದಿದವಳು. ಚೋರನೂರಿನಿಂದ ಮದುವೆಯಾಗಿ ಬಂದ ವರ್ಷದಿಂದ ಓಣಿಯ ಹುಡುಗಿಯರಿಗೆ ಲೆಕ್ಕ ಹೇಳಿಕೊಡುತ್ತಿದ್ದಳು. ಬಾಣಂತಿಯಾದರೂ ಬಿಟ್ಟಿರಲಿಲ್ಲ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು, ಮಡಿಲಲ್ಲಿ ಕೂಸನ್ನು ಹಾಕಿಕೊಂಡು, ಪಕ್ಕದ ಮನೆಯ ಸಂಘಮಿತ್ರಾಳ ಪುಸ್ತಕದ ಮೇಲೆ ಬಾಗಿದ್ದಳು. ಆ ಹುಡುಗಿಗೆ ನಾಳೆ ಪರೀಕ್ಷೆಯಂತೆ. ಎಕ್ಸ್ ವರ್ಗ ಮೈನಸ್ ಎಕ್ಸ್, ಎಕ್ಸ್‌ನ ಬೆಲೆ ಮೈನಸ್ ಎರಡು. ಹುಡುಗಿ ನಾಲ್ಕರಲ್ಲಿ ಎರಡು ಕಳೆದು ಎರಡು ಎಂದು ಬರೆದಿದ್ದಳು. ಗಂಗೋತ್ರಿ ಬೈಯಲಿಲ್ಲ. ಎರಡರ ಮೈಮೇಲಿದ್ದ ಮೈನಸ್ಸನ್ನು ಎಲ್ಲಿ ಬಿಟ್ಟು ಬಂದೆ ಎಂದು ಕೇಳಿದಳು. ಅದು ಹೊರಗೆ ಬಿಟ್ಟು ಬರುವ ಚಪ್ಪಲಿಯಲ್ಲ, ಮೈಯ ಚರ್ಮ. ಅಕ್ಷರವನ್ನು ಎತ್ತಿ ಆ ಜಾಗಕ್ಕೆ ಮೊದಲು ಬ್ರಾಕೆಟ್ ಹಾಕು, ಆಮೇಲೆ ಅದರೊಳಗೆ ಬೆಲೆಯನ್ನು ಇಡು, ಆಗ ಅದು ತನ್ನ ಗುರುತು ಕಳೆದುಕೊಳ್ಳುವುದಿಲ್ಲ ಎಂದಳು. ಮೈನಸ್ ಎರಡರ ವರ್ಗ ನಾಲ್ಕು. ಅದರಲ್ಲಿ ಮೈನಸ್ ಎರಡನ್ನು ಕಳೆದರೆ ಕೂಡಿದಂತೆಯೇ ಆಯಿತು. ಆರು. ಸಂಘಮಿತ್ರಾ ಅಳಿಸಿ ಆರು ಬರೆದಳು. ಕೆಳಗಿನ ಲೆಕ್ಕಕ್ಕೆ ಬಂದಾಗ ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು:

"ಅಕ್ಕಾ, ಇಲ್ಲಿ ಎಕ್ಸ್ ಐದು ಅಂತ ಕೊಟ್ಟಾರ. ಈಗಷ್ಟ ಮೈನಸ್ ಎರಡು ಅಂದಿದ್ರಲ್ಲ?"

"ಆ ಲೆಕ್ಕ ಮುಗೀತಲ್ಲವ್ವಾ. ಆ ಬೆಲಿ ಅಲ್ಲಿಗೇ ಹೋತು," ಅಂದಳು ಗಂಗೋತ್ರಿ. "ಇದು ಹೊಸ ಲೆಕ್ಕ. ಅಕ್ಷರ ಅದ ಇರ್ತೈತಿ, ಬೆಲಿ ಬ್ಯಾರೆ ಬರ್ತೈತಿ. ಹಳೇದನ್ನ ಇಲ್ಲಿಗೆ ಹೊತ್ಕೊಂಡು ಬರಬಾರದು."

ಓಬಳಪ್ಪನ ಕೈಯ ಬಟ್ಟೆ ಗಾಜಿನ ಮೇಲೆ ನಿಂತಿತು. ಇದನ್ನು ಹುಡುಗಿಗೆ ಹೇಳಿದಳೋ, ತನಗೆ ಕೇಳಿಸಲೆಂದು ಹೇಳಿದಳೋ? ಹೋದ ವಾರ ಅವಳೊಂದಿಗೆ ಇದೇ ಮಾತಾಗಿತ್ತು. ಅವ್ವ ಹಳೆಯ ಕಾಲದವಳು, ಅವಳು ಹೇಳುತ್ತಾಳೆ, ಓದಿದ ಹೆಂಡತಿ ಬೇಡ ಅನ್ನುತ್ತಾಳೆ ಎಂದು ಅವನು ನಂಬಿದ್ದ. ಆದರೆ ಗಂಗೋತ್ರಿ ಕೂಸಿನ ಬೆನ್ನು ಸವರುತ್ತ, ನನ್ನ ಬಾಯಿಯಲ್ಲಿ ಆ ಹೆಸರು ಹಾಗೇ ಉಳಿದಿದೆ, ಬೆಳಗಾದರೆ ನಾಲಿಗೆಗೆ ಬರುತ್ತದೆ, ಕರೆಯಲು ಎದುರಿಗೆ ಯಾರೂ ಇಲ್ಲ, ನಾನು ಏನು ಮಾಡಲಿ ಎಂದಿದ್ದಳು. ಅವನು ಊಟದ ತಾಟನ್ನು ಸರಿಸಿ ಎದ್ದು ಹೋಗಿದ್ದ. ಲೆಕ್ಕದಲ್ಲಾದರೆ ಹಳೆಯ ಬೆಲೆ ಹಳೆಯ ಲೆಕ್ಕದೊಂದಿಗೇ ಮುಗಿಯುತ್ತದೆ, ಸರಿ. ಈ ಮನೆಯಲ್ಲಿ ಯಾವ ಮಗನ, ಯಾವ ಮಗಳ ಹಳೆಯ ಬೆಲೆಯನ್ನು ಯಾರು ಅಳಿಸಿದ್ದುಂಟು?

ಅವನಿಗೂ ಒಮ್ಮೆ ಲೆಕ್ಕ ಕಲಿಸಲು ನೋಡಿದ್ದರು. ಎಂಟನೇ ಕ್ಲಾಸು. ಸುಂಕಪ್ಪ ಮಾಸ್ತರು ಬೋರ್ಡಿನ ಮೇಲೆ ಎಕ್ಸ್ ಮೈನಸ್ ಎಕ್ಸ್ ಪ್ಲಸ್ ಐದು ಎಂದು ಬರೆದು, ಎಕ್ಸ್ ಒಂಬತ್ತಾದರೆ ಬೆಲೆ ಎಷ್ಟು ಎಂದು ಇವನನ್ನು ಎಬ್ಬಿಸಿದರು. ಓಬಳಪ್ಪ ಚಾಕ್‌ಪೀಸು ಹಿಡಿದು ಮೊದಲ ಎಕ್ಸ್‌ನ ಕೆಳಗೆ ಒಂಬತ್ತು ಬರೆದ, ಮೈನಸ್ ಎಳೆದ, ನಿಂತ. ಆಮೇಲೆ ತಿರುಗಿ, ಎರಡನೆಯ ಎಕ್ಸ್‌ನ ಬೆಲೆ ಹೇಳಲಿಲ್ಲವಲ್ಲ ಎಂದು ಕೇಳಿದ. ಅವನು ಹುಡುಗಾಟಕ್ಕೆ ಕೇಳಿರಲಿಲ್ಲ. ಹೆಸರು ಒಂದೇ ಇದ್ದ ಮಾತ್ರಕ್ಕೆ ಇಬ್ಬರೂ ಒಬ್ಬರೇ ಆಗುತ್ತಾರೆ ಎಂದು ಅವನಿಗೆ ಯಾರು ಹೇಳಿದ್ದರು? ಹಾಗಲ್ಲ ಎಂಬುದನ್ನೇ ಮನೆಯಲ್ಲಿ ದಿನಾ ಹೇಳುತ್ತಿದ್ದರು. ಮಾಸ್ತರು ಯಾಕಲೇ ಎಂದರು. ಅವನು ಮುಗ್ಧವಾಗಿ, ನಮ್ಮ ಮನೆಯಲ್ಲಿ ಇಬ್ಬರು ಓಬಳಪ್ಪ ಎಂದ. ಇನ್ನೊಬ್ಬ ಎಲ್ಲಿದ್ದಾನೆ ಎಂದರು. ಸತ್ತಿದ್ದಾನೆ ಎಂದ.

"ಸತ್ತಾವನ ಬೆಲಿ ಸೊನ್ನಿ," ಎಂದರು ಮಾಸ್ತರು. "ಹಾಕಲೇ ಸೊನ್ನಿ."

ಇಡೀ ಕ್ಲಾಸು ನಕ್ಕಿತು. ಅವನು ಹೇಳಿದಂತೆ ಸೊನ್ನೆ ಹಾಕಿದ. ಒಂಬತ್ತರಲ್ಲಿ ಸೊನ್ನೆ ಹೋದರೆ ಒಂಬತ್ತು, ಐದು ಕೂಡಿದರೆ ಹದಿನಾಲ್ಕು. ಅಷ್ಟು ಚೊಕ್ಕವಾಗಿ ಅವನು ಯಾವ ಲೆಕ್ಕವನ್ನೂ ಮಾಡಿರಲಿಲ್ಲ. ಮಾಸ್ತರು ಅವನ ತಲೆಯನ್ನು ಹಿಡಿದು ಹದಿನಾಲ್ಕರ ಮೇಲೆ ಒತ್ತಿದರು. ಒಂದೇ ಲೆಕ್ಕದಲ್ಲಿ ಒಂದು ಅಕ್ಷರ ಎಲ್ಲೆಲ್ಲಿ ಬಂದರೂ ಒಂದೇ ಬೆಲೆ, ಒಂಬತ್ತರಲ್ಲಿ ಒಂಬತ್ತು ಹೋಯಿತು, ಉಳಿದದ್ದು ಐದು, ಇಷ್ಟು ತಿಳಿಯದ ನೀನು ಎಮ್ಮೆ ಕಾಯಲು ಹೋಗು ಎಂದರು. ನೀವೇ ಸೊನ್ನೆ ಹಾಕು ಅಂದಿರಲ್ಲ ಎಂದು ಬಾಯೊಳಗೇ ಅಂದುಕೊಂಡು ಓಬಳಪ್ಪ ಚಾಕ್‌ಪೀಸನ್ನು ಕೆಳಗಿಟ್ಟ. ಹಣೆಗೆ ಹತ್ತಿದ ಸುಣ್ಣವನ್ನು ಒರೆಸದೆ ಮನೆಗೆ ಬಂದ, ಮತ್ತೆ ಹೋಗಲಿಲ್ಲ. ಅಪ್ಪ ಬಡಿದ, ಅವ್ವ ಅತ್ತಳು. ಅಳುತ್ತ ಅಳುತ್ತ, ನನ್ನ ದೊಡ್ಡ ಓಬಳ ಇದ್ದಿದ್ದರೆ ಓದುತ್ತಿದ್ದ ಎಂದಳು. ದೊಡ್ಡ ಓಬಳನಿಗೆ ಅಕ್ಷರವೇ ಬರುತ್ತಿರಲಿಲ್ಲ, ಸ್ಲೇಟು ಹಿಡಿಯುವ ಮೊದಲೇ ಅವನು ಹೋಗಿದ್ದ. ಆದರೂ ಓದುತ್ತಿದ್ದ. ಇವನು ಸೈಕಲ್ ಮೇಲಿಂದ ಬಿದ್ದರೆ ಅವನು ಬೀಳುತ್ತಿರಲಿಲ್ಲ, ಇವನು ಎದುರು ಮಾತಾಡಿದರೆ ಅವನು ಆಡುತ್ತಿರಲಿಲ್ಲ. ಬದುಕಿದವನಿಗೆ ದಿನಕ್ಕೊಂದು ತಪ್ಪು ಆಗುತ್ತದೆ. ಸತ್ತವನಿಗೆ ಆಗುವುದಿಲ್ಲ. ಸತ್ತವನ ಬೆಲೆ ಸೊನ್ನೆ ಎಂದ ಆ ಮಾಸ್ತರನನ್ನು ಒಂದು ದಿನ ಮನೆಗೆ ಕರೆದುಕೊಂಡು ಬಂದು, ಅವ್ವನ ಎದುರು ಕೂರಿಸಿ, ಈಗ ಹೇಳಿರಿ ಎನ್ನಬೇಕೆಂದು ಅವನು ಎಷ್ಟೋ ವರ್ಷ ಅಂದುಕೊಂಡಿದ್ದ.

ಅಕ್ಕ ರಮಾ ಕಂಪ್ಲಿಯಿಂದ ಹೊಸಪೇಟೆಗೆ ಬಂದು ಇಳಿದಿದ್ದೇನೆ ಎಂದು ಫೋನು ಮಾಡಿದಳು. ಸೋದರತ್ತೆ ಇಲ್ಲದೆ ಹೆಸರಿಡುವ ಶಾಸ್ತ್ರವಿಲ್ಲ, ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳೇ ಅವಳು. ಆಟೋ ಹೊರಳಿಸುವಾಗ ಓಬಳಪ್ಪನಿಗೆ ಇದು ಹೊಳೆಯಿತು. ಹೇಳುವವಳೇ ಬೇರೆ ಹೇಳಿದರೆ? ಕಿವಿಗೆ ಬಿದ್ದ ಹೆಸರನ್ನು ಯಾರು ಹೊರಗೆ ತೆಗೆಯುತ್ತಾರೆ? ಅವನು ಜೋರಾಗಿ ಓಡಿಸಿದ. ಬಾಳೆತೋಟಗಳು, ಕಬ್ಬು, ಬೋರ್ಡು ಬಿಸಿಲಿಗೆ ಬೆಳ್ಳಗಾದ ಖಾನಾವಳಿಗಳು ಹಿಂದೆ ಸರಿದವು. ಕಾಲುವೆಯ ಸೇತುವೆ ಬಂದಾಗ ಎಂದಿನಂತೆ ಕಣ್ಣನ್ನು ಮುಂದಿನ ಲಾರಿಯ ಬೆನ್ನಿಗೆ ಅಂಟಿಸಿದ. ಆದರೂ ಇವತ್ತು ಮನಸ್ಸು ಪಕ್ಕಕ್ಕೆ ಜಾರಿತು, ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತು. ನರ್ಸು ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ಕೈಗೆ ಕೊಟ್ಟಾಗ ಅವನು ಮೊದಲು ನೋಡಿದ್ದು ಎಡಗಿವಿಯ ಹಿಂದೆ. ಎರ್ರೆಮ್ಮನಿಗೆ ಅಲ್ಲೊಂದು ಮಚ್ಚೆಯಿತ್ತು. ಇದಕ್ಕೆ ಇರಲಿಲ್ಲ. ಇರಲಿಲ್ಲವೆಂದು ತಿಳಿದ ಕ್ಷಣದಲ್ಲಿ ಅವನ ಮುಖ ಹೇಗಾಯಿತು? ಕಣ್ಣೂ ಸರಿಯಾಗಿ ತೆರೆಯದ ಆ ಕೂಸಿಗೆ ಅದು ಕಂಡಿತೋ? ಅವ್ವನನ್ನು ಬೈಯುವ ಅವನ ಸಿಟ್ಟಿನ ಅಡಿಯಲ್ಲಿ ಕಿವಿಯ ಹಿಂದೆ ನೋಡಿದ ಈ ಸಣ್ಣ ನೋಟ ಕಲ್ಲಿನಂತೆ ಕೂತಿತ್ತು. ಅದನ್ನು ಅವನು ಗಂಗೋತ್ರಿಗೆ ಹೇಳಿರಲಿಲ್ಲ.

ಬಸ್‌ಸ್ಟ್ಯಾಂಡಿನ ಹೊರಗೆ ರಮಾ ಒಂದು ಕೈಯಲ್ಲಿ ಬಾಳೆಗೊನೆ, ಇನ್ನೊಂದರಲ್ಲಿ ಕೂಸಿನ ತಲೆಗೆ ಹಾಕುವ ಕುಲಾಯಿ ಇಟ್ಟ ಚೀಲ ಹಿಡಿದು ನಿಂತಿದ್ದಳು. ಅವನ ಮುಖ ನೋಡಿದವಳೇ, ಇಂಥ ಮಾರಿ ಇಟ್ಟುಕೊಂಡು ಗಾಡಿ ಓಡಿಸಿದರೆ ಪ್ಯಾಸೆಂಜರು ನಡೆದೇ ಹಂಪಿಗೆ ಹೋಗುತ್ತಾರೆ ಎಂದು ನಕ್ಕಳು. ಅವನು ನಗಲಿಲ್ಲ. ಊರು ದಾಟಿದ ಮೇಲೆ, ಕನ್ನಡಿಯಲ್ಲಿ ಅವಳನ್ನು ನೋಡುತ್ತ, ಕಿವಿಯಲ್ಲಿ ಬೇರೆ ಹೆಸರು ಹೇಳಬೇಕು ಎಂದ.

"ಏನಂತ ಹೇಳ್ಲಿ?"

"ಬ್ಯಾರೆ ಏನಾರ."

"ಬ್ಯಾರೆ ಏನಾರ ಅಂತ ಹೇಳ್ಲೇನಲೇ ಕೂಸಿನ ಕಿವ್ಯಾಗ?" ರಮಾ ಹಿಂದಿನಿಂದ ಅವನ ಭುಜಕ್ಕೆ ಗುದ್ದಿದಳು. "ಸ್ವಾದರತ್ತಿ ಅಂದ್ರ ಮೈಕು ಇದ್ದಂಗ. ಮನಿಯಾರು ಕೊಟ್ಟದ್ದನ್ನ ಹೇಳೋದು. ಮೈಕು ತಾನ ಭಾಷಣ ಮಾಡ್ತೈತೇನು?"

ಅವನಿಗೆ ರೇಗಿತು. ಎಕ್ಸ್ ಮೈನಸ್ ಎಕ್ಸ್ ಯಾಕೆ ಸೊನ್ನೆಯಲ್ಲ ಎಂಬುದನ್ನು ಗಾಡಿಯ ಸದ್ದಿನಲ್ಲಿ ಯಾರಿಗೆ ಹೇಗೆ ಹೇಳುವುದು? ಅದರ ಬದಲು ಅವನ ಬಾಯಿಂದ ಇನ್ನೊಂದು ಬಂತು. ನನ್ನನ್ನು ಕರೆಯುವಾಗ ನೀನು ಯಾರನ್ನು ಕರೆಯುತ್ತೀ ಎಂದು ಕೇಳಿದ. ಕೇಳಿದ ಮೇಲೆ ಅಂಜಿಕೆಯಾಯಿತು. ಕಬ್ಬಿನ ಟ್ರ್ಯಾಕ್ಟರು ಎದುರಿಗೆ ಬಂದು, ಅದರ ಹಾಡು ಹತ್ತಿರಾಗಿ, ದೂರಾದ ಮೇಲೆ ರಮಾ ಅಂದಳು:

"ನಿನ್ನನ್ನ ಕರಿತೀನಿ. ಅವನ್ನ ನಾ ಹೆಸರು ಹಿಡದು ಕರೀತಿರಲಿಲ್ಲ. ತಮ್ಮಾ ಅಂತಿದ್ದೆ."

ಅಕ್ಕ ತನ್ನನ್ನು ಒಂದು ದಿನವೂ ತಮ್ಮಾ ಎಂದು ಕರೆದಿಲ್ಲವೆಂಬುದು ಓಬಳಪ್ಪನಿಗೆ ಆಗ ತಿಳಿಯಿತು. ಓಬಳ್ಯಾ, ಲೇ, ಇವನೇ, ಎಲ್ಲ ಅಂದಿದ್ದಾಳೆ. ಆ ಒಂದು ಮಾತನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡವಳಂತೆ ಇಟ್ಟುಕೊಂಡಿದ್ದಾಳೆ. ಹೆಸರನ್ನು ಇವನಿಗೆ ಕೊಟ್ಟು, ಕರೆಯುವುದನ್ನು ಅವನಿಗೆ ಉಳಿಸಿದ್ದಳು. ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ, ಮೂಗಿನ ತುದಿ ಉರಿಯಿತು. ಅವನು ಗೇರು ಬದಲಿಸಿದ.

ಮನೆಯಲ್ಲಿ ಹೆಂಗಸರು ತುಂಬಿದ್ದರು. ಒಳಗಿನ ತೊಲೆಗೆ ತೊಟ್ಟಿಲು ಇಳಿಬಿಟ್ಟಿದ್ದರು. ಮೊದಲು ಗುಂಡುಕಲ್ಲಿಗೆ ಅರಿಸಿನ ಹಚ್ಚಿ, ಕುಲಾಯಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿ ತೂಗಿದರು. ಕೆಟ್ಟ ಕಣ್ಣು ಬೀಳುವುದಿದ್ದರೆ ಕಲ್ಲಿನ ಮೇಲೆ ಬೀಳಲಿ, ಕೂಸಿಗೆ ಬರುವುದೆಲ್ಲ ಕಲ್ಲಿಗೆ ಬರಲಿ ಎಂದು. ಮುದುಕಿಯೊಬ್ಬಳು ಕಲ್ಲಿನ ಗಲ್ಲ ಹಿಡಿದು, ಥೇಟ್ ಅಪ್ಪನ ಮಾರಿ, ಅವನ ಹಂಗ ಮಾತಿಲ್ಲ ಕತಿಯಿಲ್ಲ ಎಂದಳು. ಎಲ್ಲರೂ ನಕ್ಕರು. ಗಂಡಸರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು, ಓಬಳಪ್ಪನ ಜಾಗವೂ ಅಲ್ಲೇ. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಕಲ್ಲನ್ನು ತೆಗೆದು ಕೂಸನ್ನು ಅದೇ ಜಾಗದಲ್ಲಿ ಮಲಗಿಸಿದರು. ಕಲ್ಲಿನ ಕುಲಾಯಿಯನ್ನು ಬಿಚ್ಚಿ ಕೂಸಿಗೆ ತೊಡಿಸಿದರು. ಅದಕ್ಕೆ ಅದು ದೊಡ್ಡದಾಗಿ ಹುಬ್ಬಿನ ತನಕ ಇಳಿಯಿತು. ರಮಾ ತೊಟ್ಟಿಲ ಮೇಲೆ ಬಾಗಿದಳು. ಹೆಸರು ಹೇಳಿದ ಕೂಡಲೇ ಸೋದರತ್ತೆಯ ಬೆನ್ನಿಗೆ ಗುದ್ದಬೇಕೆಂದು ಓಣಿಯ ಹೆಂಗಸರು ಸುತ್ತುಗಟ್ಟಿ ಕೈ ಎತ್ತಿ ನಿಂತರು. ದುರುಗವ್ವ ತೊಟ್ಟಿಲ ಹಗ್ಗ ಹಿಡಿದು, ಹೇಳವ್ವ ರಮಾ, ಎರ್ರೆಮ್ಮ ಅಂತ ಹೇಳು ಎಂದಳು.

ಆ ಹೆಸರು ಮನೆಯಲ್ಲಿ ಜೋರಾಗಿ ಕೇಳಿಸಿ ಎಷ್ಟೋ ದಿನವಾಗಿತ್ತು. ಗಂಗೋತ್ರಿಯ ತುಟಿಗಳು ಅದನ್ನು ಸದ್ದಿಲ್ಲದೆ ಹೇಳಿಕೊಂಡದ್ದನ್ನು ಓಬಳಪ್ಪ ನೋಡಿದ. ಅವಳ ಮುಖದಲ್ಲಿ ಎಂಥ ಹಸಿವಿತ್ತೆಂದರೆ, ಇದುವರೆಗೆ ಜೋಡಿಸಿಕೊಂಡಿದ್ದ ಬೈಗುಳಗಳೆಲ್ಲ ಅವನ ಬಾಯಲ್ಲೇ ಸಪ್ಪಗಾದವು. ಇವಳು ಲೆಕ್ಕ ತಪ್ಪಿದವಳಲ್ಲ. ಹಳೆಯ ಲೆಕ್ಕ ಇವಳಲ್ಲಿ ಇನ್ನೂ ಮುಗಿದೇ ಇಲ್ಲ. ಮುಗಿಯದ ಲೆಕ್ಕದೊಳಗೇ ಇದನ್ನೂ ತಂದು ಇಡುತ್ತಿದ್ದಾಳೆ. ಹಾಗೆ ಇಟ್ಟಮೇಲೆ ಮಾಸ್ತರು ಹೇಳಿದ್ದೇ ಸರಿ, ಎರಡೂ ಕಡೆ ಒಂದೇ ಬೆಲೆ ಬರಬೇಕು, ಒಂದರಲ್ಲಿ ಒಂದು ಹೋಗಬೇಕು. ಅವನು ಹೊಸ್ತಿಲು ದಾಟಿ ಒಳಗೆ ಬಂದ. ಹೆಂಗಸರು ಸರಿದು ದಾರಿ ಬಿಟ್ಟರು. ಅವನ ಧ್ವನಿ ತನಗೇ ಗುರುತಿಲ್ಲದಷ್ಟು ಸಣ್ಣಗಿತ್ತು.

"ಗಂಗೋತ್ರಿ, ನಿನಗ ಆಕೀನ್ನ ಕರೀಬೇಕು ಅನ್ನಿಸಿದ್ರ ಕರಿ. ಬಾಯಿ ಬಿಟ್ಟು ಕರಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಈಕಿ ಓ ಅಂದ್ರ ಏನು ಮಾಡ್ತಿ?"

ಗಂಗೋತ್ರಿ ಅವನನ್ನೇ ನೋಡಿದಳು. ಅವಳಿಗೆ ಅರ್ಥವಾಯಿತೋ ಇಲ್ಲವೋ. ಯಾರೋ ಒಬ್ಬಳು, ಗಂಡಸರಿಗೆ ಇಲ್ಲೇನು ಕೆಲಸ ಎಂದು ಗೊಣಗಿದಳು. ಆಗ ದುರುಗವ್ವ ಹಗ್ಗವನ್ನು ಕೈಬಿಟ್ಟು ಕೆಳಗೆ ಕೂತಳು. ಸೊಂಟದ ನೋವಿಗೆ ಕೂತಳು ಎಂದು ಎಲ್ಲರೂ ಅಂದುಕೊಂಡರು.

"ಅಂದಿದ್ದ," ಎಂದಳು ದುರುಗವ್ವ. "ಇವ ಓ ಅಂದಿದ್ದ."

ಯಾರನ್ನೂ ನೋಡದೆ, ನೆಲದ ಮೇಲೆ ಚೆಲ್ಲಿದ ಅರಿಸಿನವನ್ನು ಬೆರಳಿನಿಂದ ಒತ್ತಿ ತೆಗೆಯುತ್ತ ಅವಳು ಹೇಳಿದಳು. ಇವನು ಆಗಷ್ಟೇ ಓಡಾಡಲು, ಮಾತಾಡಲು ಕಲಿತಿದ್ದ. ಇವನನ್ನು ಮರದ ನೆರಳಿಗೆ ಮಲಗಿಸಿ ಕಾಲುವೆಗೆ ಬಟ್ಟೆ ಒಗೆಯಲು ಇಳಿದಿದ್ದಳು. ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರೂ ಇಲ್ಲವಲ್ಲ ಎಂದು, ಎಷ್ಟು ದಿನದಿಂದಲೋ ಹಿಡಿದಿಟ್ಟದ್ದನ್ನು ಬಿಟ್ಟು, ನೀರಿನ ಕಡೆ ಮುಖ ಮಾಡಿ ಓಬಳಾ ಎಂದು ಕರೆದಳು.

"ನಾ ಕರದದ್ದು ನೀರಾಗ ಹೋದಾವನ್ನ. ಇವ ಎದ್ದು ಬಂದು ಬೆನ್ನ ಹಿಂದ ನಿಂತು, ಓ, ಬಂದೆ ಅವ್ವಾ ಅಂದ. ನಾ ತಿರುಗಿ ನೋಡಿದೆ. ಆವಾಗ ನನ್ನ ಮಾರಿ ಹೆಂಗಿತ್ತೋ ಏನೋ, ಕೂಸು ಅಳಾಕ ಹತ್ತಿತು." ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡಳು. "ಅವತ್ತಿಂದ ನಾ ಅವನ್ನ ಕರೀಲಿಲ್ಲ. ಕರದ್ರ ಇವ ಬರ್ತಾನ. ಇವನ್ನೂ ನೆಟ್ಟಗ ಕರೀಲಿಲ್ಲ. ಇಬ್ರಿಗೂ ಇಲ್ದಂಗ ಆತು."

ಓಬಳಪ್ಪನಿಗೆ ಆ ದಂಡೆಯೂ ನೆನಪಿರಲಿಲ್ಲ, ಆ ಮುಖವೂ ನೆನಪಿರಲಿಲ್ಲ. ನೆನಪಿಲ್ಲದ್ದು ಇಷ್ಟು ವರ್ಷ ಮೈಯಲ್ಲಿ ಎಲ್ಲಿ ಕೂತಿತ್ತು? ಅವ್ವನನ್ನು ಏನಾದರೂ ಅನ್ನಬೇಕೆಂದು ನೋಡಿದ. ತೊಟ್ಟಿಲ ಕೆಳಗೆ ಕೂತಿದ್ದ ಆ ಹೆಂಗಸು ತುಂಬ ಸಣ್ಣವಳಾಗಿ ಕಂಡಳು. ಅವಳು ತನಗೆ ಹೆಸರು ಕೊಟ್ಟ ದಿನವೇ ಹೋದ ಮಗನನ್ನು ಕರೆಯುವ ಬಾಯನ್ನೂ ಕೊಟ್ಟುಬಿಟ್ಟಿದ್ದಳು. ಅವಳಿಗೆ ಅದು ಗೊತ್ತಾದದ್ದು ಆ ದಂಡೆಯಲ್ಲಿ.

ಗಂಗೋತ್ರಿ ಎದ್ದು ಬಂದು ತೊಟ್ಟಿಲ ಅಂಚನ್ನು ಹಿಡಿದಳು. ಬಹಳ ಹೊತ್ತು ಕೂಸನ್ನು ನೋಡಿದಳು. ಕುಲಾಯಿಯನ್ನು ಹುಬ್ಬಿನ ಮೇಲಿಂದ ಹಿಂದಕ್ಕೆ ಸರಿಸಿದಳು.

"ಆ ಹೆಸರು ಆಕೀದ ಇರ್ಲಿ ಅತ್ತಿ," ಎಂದಳು. "ನನಗ ಕರಿಯಾಕ ಬೇಕು."

ದುರುಗವ್ವ ತಲೆಯಾಡಿಸಿದಳು. ಹೆಂಗಸರು ಎತ್ತಿದ ಕೈಗಳನ್ನು ಇಳಿಸಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ಬಾಗಿದ್ದಲ್ಲೇ ಬಾಗಿದ್ದ ರಮಾ, ನನ್ನ ಸೊಂಟ ಹಿಡಿಯಿತು, ಯಾರಾದರೂ ಏನಾದರೂ ಹೇಳಿರಿ ಎಂದಳು. ಎಲ್ಲರೂ ಓಬಳಪ್ಪನ ಕಡೆ ನೋಡಿದರು. ಅವನ ಹತ್ತಿರ ಏನೂ ಇರಲಿಲ್ಲ. ಬೆಳಗಿನಿಂದ ಒಂದು ಹೆಸರನ್ನು ತಳ್ಳಲು ಇಡೀ ಮೈಯ ಬಲ ಹಾಕಿದ್ದ, ಆ ಜಾಗದಲ್ಲಿ ಇಡಲು ಒಂದನ್ನೂ ಹುಡುಕಿರಲಿಲ್ಲ. ರಾಜು, ಮಂಜು ಎಂದು ದಾರಿಹೋಕರಿಗೆ ಹಂಚಿದವನಿಗೆ ಸ್ವಂತ ಮಗಳ ಮುಂದೆ ನಾಲಿಗೆ ಬರಿದಾಗಿತ್ತು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಆ ಬರಿದು ಜಾಗವನ್ನು ಇವತ್ತೇ ತುಂಬುವ ಅವಸರವೇನಿದೆ, ಕೂಸು ತಾನೇ ಬಂದು ಸ್ವಲ್ಪ ದಿನ ಅಲ್ಲಿ ಕೂರಲಿ ಎಂದೂ ಅನ್ನಿಸಿತು. ಇನ್ನಷ್ಟು ದಿನ ನೋಡೋಣ ಎಂದ.

"ನೋಡ್ಕೋಂತ ಕುಂದ್ರು," ಎಂದಳು ರಮಾ. ಕೂಸಿನ ಕಿವಿಗೆ ಬಾಯಿಟ್ಟು, ಶಾಸ್ತ್ರಕ್ಕೆಂದು, ಕುರ್ರ್ ಎಂದಳು. ಹೆಸರಿನ ಜಾಗ ಬಂದಾಗ ಬಾಯಿ ಮುಚ್ಚಿದಳು. ಕಾದು ಕಾದು ಬೇಸತ್ತ ಹೆಂಗಸರು ಅಷ್ಟಕ್ಕೇ ಅವಳ ಬೆನ್ನಿನ ಮೇಲೆ ದಬದಬ ಗುದ್ದಿದರು. ಆ ಸದ್ದಿಗೆ ಕೂಸು ಬೆಚ್ಚಿತು. ಕುಲಾಯಿಯೊಳಗಿನ ಮುಖ ಕೆಂಪಾಯಿತು. ಬಾಯಿ ಅಗಲವಾಗಿ ತೆರೆದು, ಯಾರನ್ನೆಂದು ಗೊತ್ತಿಲ್ಲದೆ, ಯಾರ ಹೆಸರನ್ನೂ ಹಿಡಿಯದೆ ಅದು ಜೋರಾಗಿ ಕರೆಯಿತು. ಗಂಗೋತ್ರಿ ಕೈ ಚಾಚುವ ಮೊದಲೇ, ದುರುಗವ್ವ ಏಳುವ ಮೊದಲೇ, ಓಬಳಪ್ಪ ಓ ಎಂದ.